ಹಾಜರಿ ಕೂಗಿದ ಹೆಸರು

ಕ್ರಿಕಲ್‌ವುಡ್, ಲಂಡನ್
12 ಅಕ್ಟೋಬರ್ 2009

ಮಾನ್ಯ ವಿನಿ ಮುಲ್ಕೆರಿನ್ ಅವರಿಗೆ,

ಪರಿಚಯವಿಲ್ಲದವಳ ಪತ್ರ ಕಂಡು ಗಾಬರಿಯಾಗಬೇಡಿ. ಯಾರೂ ಸತ್ತಿಲ್ಲ. ಇದನ್ನು ಮೊದಲ ಸಾಲಿನಲ್ಲೇ ಬರೆದುಬಿಡುವುದು ನನ್ನ ರೂಢಿ. ಲಂಡನ್ನಿನಿಂದ ಟೈಪು ಮಾಡಿದ ಲಕೋಟೆ ಬಂದರೆ ನಮ್ಮ ಕಡೆಯ ಹೆಂಗಸರು ಮೊದಲು ಕುರ್ಚಿ ಹುಡುಕುತ್ತಾರೆ, ಆಮೇಲೆ ಕನ್ನಡಕ.

ನನ್ನ ಹೆಸರು ಡಿಂಪ್ನಾ ಹೆಗಾರ್ಟಿ. ಹುಟ್ಟೂರು ಲೀಟ್ರಿಮ್ ಜಿಲ್ಲೆ, ಇಲ್ಲಿಗೆ ಬಂದು ಇಪ್ಪತ್ತಾರು ವರ್ಷ. ಇಲ್ಲಿನ ಐರಿಶ್ ನೆರವು ಕೇಂದ್ರದಲ್ಲಿ ಕೆಲಸ. ಹರೆಯದಲ್ಲಿ ಹಡಗು ಹತ್ತಿ ಬಂದು, ಇಂಗ್ಲೆಂಡಿನ ರಸ್ತೆ, ಚರಂಡಿ, ಸುರಂಗ ಎಲ್ಲ ಅಗೆದು, ಈಗ ಒಂದೊಂದು ಕೋಣೆಯಲ್ಲಿ ಒಂಟಿಯಾಗಿ ಕುಳಿತ ನಮ್ಮ ಮುದುಕರನ್ನು ಹುಡುಕುವುದು, ಬಿಸಿ ಊಟ ಹಾಕುವುದು, ಅರ್ಜಿ ತುಂಬಿಸಿ ಸೂರು ಕೊಡಿಸುವುದು ನಮ್ಮ ಪಾಲಿನ ಕೆಲಸ. ಇದಕ್ಕೆ ಡಬ್ಲಿನ್ ಸರ್ಕಾರದ ಅನುದಾನವಿದೆ. ಸರ್ಕಾರಕ್ಕೆ ಇವರ ನೆನಪಾದದ್ದು ಈಚೆಗೆ. ಐವತ್ತು ವರ್ಷ ತಡವಾಗಿ ಬಂದ ಬಸ್ಸು; ಆದರೂ ನಿಲ್ದಾಣದಲ್ಲಿ ಇನ್ನೂ ಜನರಿದ್ದಾರೆ.

ಅವರಲ್ಲಿ ಒಬ್ಬರು ನಿಮ್ಮ ಅಣ್ಣ ಫೆಸ್ಟಸ್. ಬುಧವಾರದ ಊಟಕ್ಕೆ ಬರುತ್ತಾರೆ, ಬಾಗಿಲ ಪಕ್ಕದ ಕುರ್ಚಿಯಲ್ಲೇ ಕೂರುತ್ತಾರೆ. ಎಂಥ ಚಳಿಯಲ್ಲೂ ಕೋಟಿಲ್ಲ, ಒಂದರ ಮೇಲೊಂದು ಎರಡು ಸ್ವೆಟರು. ಹತ್ತೂ ಬೆರಳು ಗಂಟುಗಟ್ಟಿವೆ, ಚಮಚ ಹಿಡಿಯುವುದೂ ಕಷ್ಟ. ಆದರೂ ಪಾತ್ರೆ ತೊಳೆಯಲು ಅವರೇ ಮೊದಲು. ನಮ್ಮ ಅಡುಗೆಯವಳ ಮೇಲೆ ವಾರಕ್ಕೊಂದು ಪ್ರಾಸ ಕಟ್ಟುತ್ತಾರೆ, ಅವಳು ವಾರಕ್ಕೊಂದು ಆಲೂಗಡ್ಡೆ ಹೆಚ್ಚಿಗೆ ಬಡಿಸುತ್ತಾಳೆ.

ಅವರಿರುವ ಕಟ್ಟಡವನ್ನು ಮಾರ್ಚ್ ಕೊನೆಗೆ ಕೆಡವುತ್ತಾರೆ. ಬೇರೆ ಸೂರು ಕೊಡಿಸಬಲ್ಲೆ. ಇಲ್ಲೇ ಬೇಕಾದರೆ ವೃದ್ಧರ ವಸತಿಯಿದೆ. ಊರಿಗೆ ಮರಳುವವರಿಗೆಂದು ಗಾಲ್ವೇಯಲ್ಲೇ ಮನೆಗಳೂ ಇವೆ. ಆದರೆ ಅವರ ಬಳಿ ಒಂದು ಚೂರು ಕಾಗದವಿಲ್ಲ. ಪಾಸ್‌ಪೋರ್ಟಿಲ್ಲ, ಕೆಲಸದ ಕಾರ್ಡಿಲ್ಲ, ಏನೂ ಇಲ್ಲ. ಊಟಕ್ಕೆ ನಾವು ಕಾಗದ ಕೇಳುವುದಿಲ್ಲ, ಮನೆಗೆ ಕೇಳುತ್ತಾರೆ. ಚರ್ಚಿನಿಂದ ಅವರ ಜನನ ಪತ್ರ, ಮತ್ತು 'ಈ ಭಾವಚಿತ್ರದಲ್ಲಿರುವುದು ನನ್ನ ಅಣ್ಣ' ಎಂಬ ನಿಮ್ಮ ಸಹಿ, ಇವೆರಡು ಸಾಕು.

ನಿಮ್ಮ ವಿಳಾಸ ಅವರು ಕೊಟ್ಟದ್ದಲ್ಲ. ಅವರ ಹಳೇ ಲಕೋಟೆಯೊಂದರಲ್ಲಿ ಕಂಡೆ. ಕೇಳಿದ್ದಕ್ಕೆ, "ಆರಿದ ಒಲೆ ಯಾಕೆ ಊದ್ತೀಯ ತಾಯೀ, ಬೂದಿ ಬೀಳೋದು ನಿನ್ನ ಕಣ್ಣಿಗೇ" ಅಂದರು. ನಾನು ಊದಿದ್ದೇನೆ.

ನಿಮ್ಮ,
ಡಿಂಪ್ನಾ ಹೆಗಾರ್ಟಿ


ಕಿಲ್‌ಬ್ರಾಕನ್, ಗಾಲ್ವೇ ಜಿಲ್ಲೆ
24 ಅಕ್ಟೋಬರ್ 2009

ಶ್ರೀಮತಿ ಹೆಗಾರ್ಟಿ ಅವರಿಗೆ,

ನಾನು ಈ ಊರಿನ ಅಂಚೆ ಕಚೇರಿಯನ್ನು ಮೂವತ್ತೊಂದು ವರ್ಷ ನಡೆಸಿದವಳು. ಹೋದ ವರ್ಷ ಅದನ್ನು ಮುಚ್ಚಿದರು. ಟೈಪು ಮಾಡಿದ ಲಕೋಟೆಗೆ ನಾನು ಹೆದರುವುದಿಲ್ಲ. ನಿಮ್ಮ ಪತ್ರವನ್ನು ನಿಂತೇ ಓದಿದೆ.

ಜನನ ಪತ್ರ ಲಗತ್ತಿಸಿದೆ. ಅದು ಚರ್ಚಿನ ಸ್ವತ್ತು, ಕೊಡದಿರಲು ನಾನು ಯಾರು? ಸಹಿ ಮಾತ್ರ ನನ್ನದು. ಅದನ್ನು ಕೊಡುವುದಿಲ್ಲ.

ನನ್ನ ಅಮ್ಮನಿಗೆ ಓದು ಬಾರದು. ಪ್ರತಿ ಕ್ರಿಸ್‌ಮಸ್‌ಗೆ ಅವನ ಪತ್ರ ಬರುತ್ತಿತ್ತು, ಒಳಗೊಂದು ಪ್ರಾಸ, ನಾನು ಓದಿ ಹೇಳುತ್ತಿದ್ದೆ. ಓದಿ ಮುಗಿಸಿದ ಮೇಲೆ ಅವಳದು ಒಂದೇ ಪ್ರಶ್ನೆ: "ಅವ್ನಿಗೆ ಕೋಟು ಇದೆಯಂತಾ?" ಇದೆಯಂತೆ ಅಮ್ಮಾ ಅನ್ನುತ್ತಿದ್ದೆ. 1983ರ ಫೆಬ್ರವರಿಯಲ್ಲಿ ಅವಳು ಹೋದಳು. ಕೊನೆಯ ವಾರ ನನ್ನ ಹೆಸರು ಮರೆತಿದ್ದಳು, ಕೋಟನ್ನು ಮರೆತಿರಲಿಲ್ಲ. ತಂತಿ ಕೊಟ್ಟೆ. ಮೂರು ದಿನ ಶವ ಕಾದಿತು. ಅವನು ಬರಲಿಲ್ಲ. ಒಂಬತ್ತನೆಯ ದಿನ ಒಂದು ಪತ್ರ ಬಂತು, ಬರಲಾಗಲಿಲ್ಲ ಎಂದು.

"ಮಗ ಎಲ್ಲಿ ವಿನಿ?" ಎಂದು ಸ್ಮಶಾನದಲ್ಲಿ ಕೇಳಿದವರಿಗೆ, "ರಸ್ತೆ ಹಾಕ್ತಾ ಇದಾನೆ, ಇನ್ನೂ ನಮ್ಮೂರು ಮುಟ್ಟಿಲ್ಲ" ಅಂದೆ. ಜನ ನಕ್ಕರು. ಅಮ್ಮನ ಗುಂಡಿಯ ಪಕ್ಕ ನಿಂತು ಜನರನ್ನು ನಗಿಸಬೇಕಾಯಿತು ನಾನು. ಅವತ್ತಿನಿಂದ ಅವನ ಪತ್ರಕ್ಕೆ ಉತ್ತರ ಬರೆದಿಲ್ಲ. ಅವನು ಬರೆಯುವುದನ್ನು ನಿಲ್ಲಿಸಿಲ್ಲ, ಅದು ಬೇರೆ.

ಅವನು ಊರು ಬಿಟ್ಟಾಗ ಅವನಿಗೆ ಇಪ್ಪತ್ತೆರಡು, ನನಗೆ ಹನ್ನೊಂದು. ಯಾವ ಮುಖ ನೋಡಿ 'ಇವನೇ' ಎಂದು ಸಹಿ ಹಾಕಲಿ?

ವಿನಿ ಮುಲ್ಕೆರಿನ್


ಕ್ರಿಕಲ್‌ವುಡ್
11 ನವೆಂಬರ್ 2009

ವಿನಿ ಅವರೇ,

ಜನನ ಪತ್ರಕ್ಕೆ ಋಣಿ. ಈಗ ಬರೆಯುತ್ತಿರುವುದು ಒಂದು ಸುದ್ದಿ ಹೇಳಲು.

ಹೋದ ವಾರ ಅವರು ಮೆಟ್ಟಿಲಲ್ಲಿ ಬಿದ್ದರು. ಮೂರು ಅಂತಸ್ತು ಖಾಲಿಯಾದ ಆ ಕಟ್ಟಡದಲ್ಲಿ ಅವರೊಬ್ಬರೇ ಉಳಿದಿರುವುದು. ಬಿದ್ದ ಸದ್ದು ಕೇಳಲು ಯಾರೂ ಇರಲಿಲ್ಲ. ಬುಧವಾರ ಊಟಕ್ಕೆ ಬರದೆ ಇದ್ದದ್ದರಿಂದ ಹುಡುಕಿಕೊಂಡು ಹೋದೆವು. ಸೊಂಟದ ಎಲುಬು ಸೀಳಿದೆ. ಆಸ್ಪತ್ರೆಯ ದಾದಿ "ನಿಮ್ಮವರು ಯಾರಾದ್ರೂ ಇದಾರಾ?" ಎಂದು ಕೇಳಿದಳು. "ಬರ್ಕೋ. ವಿನಿ. ಅಂಚೆ ಕಚೇರಿ, ಕಿಲ್‌ಬ್ರಾಕನ್. ಬರ್ಕೊಂಡ್ಯಾ? ಈಗ ಹೊಡ್ದ್ ಹಾಕು" ಅಂದರು.

ಬಟ್ಟೆ ತರಲು ಅವರ ಕೋಣೆಗೆ ಹೋಗಿದ್ದೆ. ಒಂದು ಮಂಚ, ಒಂದು ಒಲೆ, ಗೋಡೆಯಲ್ಲಿ ಏನೂ ಇಲ್ಲ. ಹಾಸಿಗೆಯ ಕೆಳಗೆ ನೀವು ಬರೆದ ಪತ್ರಗಳು, 1961ರಿಂದ 1983ರವರೆಗೆ, ವರ್ಷಕ್ಕೊಂದು ದಾರ ಕಟ್ಟಿ ಇಟ್ಟಿವೆ. ಮೊದಮೊದಲಿನವು ಮಕ್ಕಳ ದುಂಡು ಅಕ್ಷರ. ನಾನು ಓದಲಿಲ್ಲ. ಓದಿ ಓದಿ ಮಡಿಕೆಗಳಲ್ಲಿ ಹರಿದಿರುವುದು ಮಾತ್ರ ಕಂಡಿತು.

ಚಿತ್ರ ಕಳಿಸುತ್ತಿದ್ದೇನೆ. ಸಹಿ ಹಾಕಿ ಎಂದು ಮತ್ತೆ ಕೇಳುವುದಿಲ್ಲ. ಮಾರ್ಚ್ ಮೂವತ್ತೊಂದು ಎಂದು ಮಾತ್ರ ನೆನಪಿಸುತ್ತೇನೆ.

ಡಿಂಪ್ನಾ


ಕಿಲ್‌ಬ್ರಾಕನ್
30 ನವೆಂಬರ್ 2009

ಫೆಸ್ಟಿ ಅಣ್ಣಾ,

ಚಿತ್ರ ನೋಡಿದೆ. ಮುದುಕನಾಗಿದ್ದೀಯ. ನಾನೂ ಆಗಿದ್ದೇನೆ, ಆದರೆ ನನ್ನ ಚಿತ್ರ ಕಳಿಸುವುದಿಲ್ಲ. ನಿನ್ನ ಸೊಂಟಕ್ಕೆ ಈಗಾಗಲೇ ಪೆಟ್ಟಾಗಿದೆ.

ಆ ಚಿತ್ರವನ್ನು ಎರಡು ವಾರ ಅಡುಗೆಮನೆಯ ಕಿಟಕಿಯಲ್ಲಿಟ್ಟಿದ್ದೆ. ಅಪ್ಪನ ಹಣೆ ಇದೆಯೇ ಎಂದು ಹುಡುಕಿದೆ. ಬೆಳಿಗ್ಗೆ ಇದ್ದ ಹಾಗೆ ಕಾಣುತ್ತದೆ, ಸಂಜೆ ಇರುವುದಿಲ್ಲ. ಆಮೇಲೆ ಅನ್ನಿಸಿತು, ಐವತ್ತು ವರ್ಷ ಚಳಿಗಾಳಿ ತಿಂದ ಮುಖದಲ್ಲಿ ಯಾರ ಹಣೆ ಉಳಿದೀತು. ಸಾಕು, ಮನೆಗೆ ಬಾ. ಗಾಲ್ವೇಯ ಮನೆ ಗೀಲ್ವೇಯ ಮನೆ ಬೇಡ. ಹಿಂದಿನ ಕೋಣೆಗೆ ಸುಣ್ಣ ಹೊಡೆಸಿದ್ದೇನೆ. ನಿನಗೆ ಬಯ್ಯುವುದು ಬಾಕಿ ಇದೆ, ಅದನ್ನು ಅಂಚೆಯಲ್ಲಿ ಕಳಿಸಲಾಗುವುದಿಲ್ಲ.

ಊರಲ್ಲಿ ನೀನು ಗುರುತು ಹಿಡಿಯುವವರು ಬಹಳ ಮಂದಿ ಉಳಿದಿಲ್ಲ. ಇರುವವರೆಲ್ಲ ಸ್ಮಶಾನದಲ್ಲಿ. ನಿನ್ನ ಜೊತೆ ಹಡಗು ಹತ್ತಿದ ಕೋಲ್ಮನ್ ಗ್ರೀಲಿಯ ಸಮಾಧಿಯನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ಅವನ ಚಿಕ್ಕಪ್ಪ 1964ರಲ್ಲಿ ಹೋದ ಮೇಲೆ ಆ ಮನೆಯ ಕಡೆಯಿಂದ ಯಾರೂ ಇಲ್ಲ. ನಿನಗೆ ಗೊತ್ತಲ್ಲ, ಜುಲೈ ಕೊನೆಯ ಭಾನುವಾರ ಪಾದ್ರಿಗಳು ಸಮಾಧಿಗಳನ್ನು ಹರಸುವಾಗ ಪ್ರತಿಯೊಂದರ ಪಕ್ಕ ಆ ಮನೆಯವರು ನಿಂತಿರಬೇಕು. "ಇವತ್ತು ಯಾವ ಗೋರಿನೂ ಒಂಟಿ ಇರ್ಬಾರ್ದು. ಹೋಗೇ, ಅವ್ನ್ ಹತ್ರ ನಿಂತ್ಕೋ, ನಮ್ ಫೆಸ್ಟಿ ಗೆಣೆಕಾರ ಅಲ್ವಾ" ಎಂದು ಅಮ್ಮ ಅಟ್ಟುತ್ತಿದ್ದಳು. ಅವಳು ಅಪ್ಪನ ಬಳಿ, ನಾನು ಕೋಲ್ಮನ್ ಬಳಿ. ಅಮ್ಮ ಹೋದ ಮೇಲೂ ಹಾಗೇ. ಮೊದಲು ಅವನ ಹತ್ತಿರ ನಿಂತು, ಆಮೇಲೆ ಅಪ್ಪ ಅಮ್ಮನ ಹತ್ತಿರ ಓಡುತ್ತೇನೆ. ಪಾದ್ರಿಗಳು ನನಗಾಗಿ ನಿಧಾನ ನಡೆಯುತ್ತಾರೆ.

ಸಹಿ ಹಾಕುತ್ತೇನೆ. ಅದಕ್ಕೆ ಮೊದಲು ನನಗೊಂದು ಬೇಕು. ನೀನು ಹೊರಟ ದಿನ ಬಸ್ಸು ಹತ್ತುವ ಮುಂಚೆ ಬಗ್ಗಿ ನನ್ನ ಕಿವಿಯಲ್ಲಿ ಒಂದು ಮಾತು ಹೇಳಿದೆ. ಇವತ್ತಿನವರೆಗೂ ಯಾರಿಗೂ ಹೇಳಿಲ್ಲ, ಅಮ್ಮನಿಗೂ. ಅದನ್ನೊಮ್ಮೆ ನಿನ್ನ ಕೈಯಲ್ಲಿ ಬರೆದು ಕಳಿಸು. ಸಾಕು.

ನಿನ್ನ,
ವಿನಿ


ಕ್ರಿಕಲ್‌ವುಡ್
20 ಡಿಸೆಂಬರ್ 2009

ಪ್ರೀತಿಯ ವಿನಿ,

ಆಸ್ಪತ್ರೆಯಿಂದ ಹೊರಗೆ ಬಂದೆ. ಕೇಂದ್ರದವರು ಹೊಸ ಕೋಲು ಕೊಟ್ಟಿದ್ದಾರೆ, ಸರ್ಕಾರದ ಕೋಲು. ಅದು ಕುಂಟುವುದಿಲ್ಲ, ನಾನು ಕುಂಟುತ್ತೇನೆ. ನೀನು ಕೋಣೆಗೆ ಸುಣ್ಣ ಹೊಡೆಸಬಾರದಿತ್ತು. ಆ ಮಾತು ನೆನಪಿಲ್ಲ.

ಜೇಬಿಗೆ ತೂತು, ನೆನಪಿಗೆ ತೂತು, ದಾರಿಲಿ ಉದುರಿತು ಮಾತು;
ಹುಡುಕುವೆನೆಂದರೆ ಬೆನ್ನು ಬಗ್ಗದು, ಅಗೆದೂ ಅಗೆದೂ ಸೋತು.

ಕ್ರಿಸ್‌ಮಸ್ ಚೆನ್ನಾಗಿರಲಿ.

ಫೆಸ್ಟಿ


ಕಿಲ್‌ಬ್ರಾಕನ್
2 ಜನವರಿ 2010

ಅದು ಮರೆಯುವ ಮಾತಲ್ಲ. ಸಹಿ ಹಾಕಿದ ಕಾಗದ ಮೇಜಿನ ಮೇಲಿದೆ. ಲಕೋಟೆಗೆ ಅಂಟು ಹಚ್ಚಿಲ್ಲ.

ವಿನಿ


ಕ್ರಿಕಲ್‌ವುಡ್
18 ಜನವರಿ 2010

ವಿನಿ,

ಈ ಪತ್ರದಲ್ಲಿ ಪ್ರಾಸವಿಲ್ಲ.

ಆ ಮಾತನ್ನು ನಾನು ಮರೆತಿಲ್ಲ. ನಾನು ಅದನ್ನು ಕೇಳಿಯೇ ಇಲ್ಲ. ಅದನ್ನು ನಿನ್ನ ಕಿವಿಯಲ್ಲಿ ಹೇಳುವಾಗ ನಾನು ಬಸ್ಸಿನೊಳಗೆ ಕೂತಿದ್ದೆ, ನಿನ್ನ ಅಣ್ಣನಿಗೆ ಜಾಗ ಹಿಡಿದುಕೊಂಡು. ನಾನು ಕೋಲ್ಮನ್ ಗ್ರೀಲಿ.

ಕೂತುಕೋ. ನಿಂತು ಓದಬೇಡ.

ಆಗ ಇಲ್ಲಿ ಬೆಳಿಗ್ಗೆ ಆರಕ್ಕೆ ಬೀದಿಯ ಮೂಲೆಗೆ ವ್ಯಾನು ಬರುತ್ತಿತ್ತು. ಮೇಸ್ತ್ರಿ ಪಟ್ಟಿ ಹಿಡಿದು ಹಾಜರಿ ಕೂಗುತ್ತಿದ್ದ. ಅವನಿಗೆ ಮುಖ ಬೇಡ, ಹೆಸರು ಬೇಕು, ಹೆಸರಿಗೊಂದು ಗುದ್ದಲಿ ಬೇಕು. ಒಂದು ದಿನ ಹೆಸರಿಗೆ ಓಗೊಡದಿದ್ದರೆ ಮರುದಿನ ಆ ಜಾಗದಲ್ಲಿ ಬೇರೆಯವನು. ಅದಕ್ಕೇ ಒಬ್ಬನಿಗೆ ಮೈ ಸರಿಯಿಲ್ಲದಿದ್ದರೆ ಇನ್ನೊಬ್ಬ ಅವನ ಹೆಸರಿಗೆ ಓಗೊಡುವುದು ನಮ್ಮಲ್ಲಿ ಮಾಮೂಲು. ಅದನ್ನು ಯಾರೂ ಸುಳ್ಳು ಅನ್ನುತ್ತಿರಲಿಲ್ಲ, ಗೆಳೆತನ ಅನ್ನುತ್ತಿದ್ದೆವು.

1961, ನವೆಂಬರ್ 20, ಸೋಮವಾರ. ಹಿಂದಿನ ರಾತ್ರಿ ನಾನು ಕುಡಿದಿದ್ದೆ. ಫೆಸ್ಟಿಗೆ ಹಿಂದಿನ ವಾರವೆಲ್ಲ ಎಲ್ಲೂ ಕೆಲಸ ಸಿಕ್ಕಿರಲಿಲ್ಲ. "ಏಳೋ, ವ್ಯಾನ್ ಬರುತ್ತೆ" ಅಂದ. "ಭೂಮಿ ತಿರುಗ್ತಾ ಇದೆ, ನಿಂತ ಮೇಲೆ ಇಳೀತೀನಿ" ಅಂದೆ. ನಕ್ಕ. "ಬಿದ್ಕೋ ಹಂಗಾರೆ. ಇವತ್ತೊಂದಿನ ನಾನೇ ಕೋಲ್ಮನ್." ನನ್ನ ಬೂಟು ಹಾಕಿಕೊಂಡು ಹೋದ.

ಹನ್ನೊಂದು ಗಂಟೆಗೆ ಕಂದಕ ಕುಸಿಯಿತು. ಹದಿನಾಲ್ಕು ಅಡಿ. ಮಣ್ಣಿನ ಗೋಡೆಗೆ ಆಸರೆಯ ಹಲಗೆ ಕೊಟ್ಟಿರಲಿಲ್ಲ.

ಮಧ್ಯಾಹ್ನ ನಾನು ಅವನಿಗೆ ಬ್ರೆಡ್ಡು ತೆಗೆದುಕೊಂಡು ಹೋದೆ. ಗೇಟಿನ ಹತ್ತಿರ ಜನ ಟೋಪಿ ತೆಗೆದು ನಿಂತಿದ್ದರು. "ಯಾರಪ್ಪಾ ಹೋಗಿದ್ದು?" ಎಂದು ಕೇಳಿದೆ. "ಗಾಲ್ವೇ ಕಡೆ ಹುಡ್ಗ, ಕೋಲ್ಮನ್ ಗ್ರೀಲಿ ಅಂತೆ." "ಪಾಪ" ಅಂದೆ. ನನ್ನ ಸಾವಿಗೆ ಮೊದಲು ಪಾಪ ಅಂದವನು ನಾನೇ.

ಅಲ್ಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಆ ಕೋಣೆಗೆ ನಾವು ಬಂದು ಒಂದು ವಾರವಾಗಿತ್ತು, ನಮ್ಮನ್ನು ಬಲ್ಲವರು ಯಾರೂ ಇರಲಿಲ್ಲ. ಮೇಜಿನ ಮೇಲೆ ನಿನ್ನ ಪತ್ರ ಬಂದು ಬಿದ್ದಿತ್ತು, ಫೆಸ್ಟಿ ಒಡೆಯದೆ ಹೋಗಿದ್ದ. ಒಡೆದೆ. 'ಅಮ್ಮ ಕೇಳುತ್ತಿದ್ದಾಳೆ, ನಿನಗೆ ಕೋಟು ಇದೆಯಾ?' ಮೂರು ದಿನ ಅದನ್ನು ನೋಡುತ್ತಾ ಕೂತೆ. ಸತ್ತದ್ದು ಕೋಲ್ಮನ್ ಆದರೆ ಅಳುವುದಕ್ಕೆ ಒಬ್ಬ ಚಿಕ್ಕಪ್ಪ, ಅವನೂ ಈರುಳ್ಳಿ ಹೆಚ್ಚಬೇಕಿತ್ತು. ಸತ್ತದ್ದು ಫೆಸ್ಟಿ ಆದರೆ ನಿನ್ನ ಅಮ್ಮ. ಮುಚ್ಚಿದ ಪೆಟ್ಟಿಗೆ ನನ್ನ ಹೆಸರಲ್ಲಿ ಹಡಗು ಹತ್ತಿತು. ನಾನು ಉತ್ತರ ಬರೆದೆ. ಕೋಟು ಇದೆ ಅಮ್ಮಾ. ಕೋಲ್ಮನ್ ಹೋದ. ನಾನು ಪಕ್ಕದಲ್ಲೇ ಇದ್ದೆ, ಬಲಗೈ ಮುರಿದಿದೆ, ಅಕ್ಷರ ಇನ್ನು ಮೊದಲಿನ ಹಾಗೆ ಬರುವುದಿಲ್ಲ.

ಒಂದು ಸಲದ ಸುಳ್ಳು ಎಂದುಕೊಂಡಿದ್ದೆ. ಆ ಸುಳ್ಳಿಗೆ ನಿನ್ನ ಉತ್ತರ ಬಂತು. ನನಗೆ ಜೀವಮಾನದಲ್ಲಿ ಯಾರೂ ಪತ್ರ ಬರೆದಿರಲಿಲ್ಲ ವಿನಿ.

ನಮ್ಮೂರವರು ಕಂಡಾರೆಂದು ದೂರ ಉತ್ತರ ದಿಕ್ಕಿಗೆ ಹೋಗಿ ಅಣೆಕಟ್ಟಿನ ಸುರಂಗಗಳಲ್ಲಿ ದುಡಿದೆ. ಕಾರ್ಡು ಮಾಡಿಸಲಿಲ್ಲ, ಯಾವ ಹೆಸರಲ್ಲಿ ಮಾಡಿಸಲಿ? ನಿನ್ನ ಅಮ್ಮ ಹೋದಾಗ ಹೋಲಿಹೆಡ್ ಬಂದರಿನವರೆಗೂ ಬಂದೆ. ಹಡಗಿನ ಬಾಗಿಲು ಮುಚ್ಚುವವರೆಗೂ ನಿಂತಿದ್ದೆ. ಬಂದಿದ್ದರೆ ಅವಳ ಮುಂದೆ ಮಗನಾಗಿ ನಿಲ್ಲಬೇಕಿತ್ತು, ಇಲ್ಲವೇ ಪ್ರೇತವಾಗಿ. ಎರಡಕ್ಕೂ ಧೈರ್ಯ ಸಾಲಲಿಲ್ಲ.

ನೀನು ಪ್ರತಿ ಜುಲೈ ನನ್ನ ಕಲ್ಲಿನ ಪಕ್ಕ ನಿಲ್ಲುತ್ತೀಯ ಎಂದು ಓದಿದ ಮೇಲೆ ಇನ್ನು ಸುಮ್ಮನಿರಲಾಗಲಿಲ್ಲ. ಅಲ್ಲಿರುವುದು ನಿನ್ನ ಅಣ್ಣ. ಅವನು ಆ ವರ್ಷವೇ ಮನೆಗೆ ಬಂದಿದ್ದ.

ಸಹಿ ಕಳಿಸಬೇಡ. ಈ ಪತ್ರಕ್ಕೆ ಉತ್ತರವೂ ಬೇಡ.

ಕೋಲ್ಮನ್


ಕ್ರಿಕಲ್‌ವುಡ್
5 ಫೆಬ್ರವರಿ 2010

ವಿನಿ ಅವರೇ,

ಮೊದಲ ಪತ್ರದ ಮೊದಲ ಸಾಲಿನಲ್ಲೇ 'ಯಾರೂ ಸತ್ತಿಲ್ಲ' ಎಂದು ಬರೆದಿದ್ದೆ. ಆ ರೂಢಿಯನ್ನು ಬಿಟ್ಟಿದ್ದೇನೆ.

ಅವರು ನನಗೂ ಎಲ್ಲ ಹೇಳಿದರು. ಬುಧವಾರದ ಊಟ ಮುಗಿದ ಮೇಲೆ ಪಾತ್ರೆ ತೊಳೆಯುತ್ತಾ, ನನಗೆ ಬೆನ್ನು ತೋರಿಸಿಕೊಂಡು. ನಾನು ತಟ್ಟೆ ಒರೆಸುತ್ತಾ ನಿಂತಿದ್ದೆ. ಒಂದೇ ತಟ್ಟೆಯನ್ನು ಎಷ್ಟು ಹೊತ್ತು ಒರೆಸಿದೆನೋ ತಿಳಿಯದು.

ನಮ್ಮ ವಕೀಲರನ್ನು ಕೇಳಿದೆ. ಕೋಲ್ಮನ್ ಗ್ರೀಲಿ ಸತ್ತವರ ದಾಖಲೆಯಲ್ಲಿದ್ದಾರೆ. ಸತ್ತವನಿಗೆ ಮನೆ ಕೊಡಲಾಗುವುದಿಲ್ಲ, ಸರ್ಕಾರ ಎಷ್ಟೇ ದಯಾಳುವಾಗಿದ್ದರೂ. ಅವರು ಬದುಕಿದ್ದಾರೆಂದು ದಾಖಲೆ ತಿದ್ದಿಸಲು ಅವರ ಪ್ರಮಾಣವೊಂದೇ ಸಾಲದು. ಆದರೆ 1961ರ ಆ ಸಾವಿನ ವಿಚಾರಣೆಯ ಹಳೇ ಕಡತ ಸಿಕ್ಕಿತು. ಅದರಲ್ಲೊಂದು ಸಾಲು: 'ಮೃತನ ಎಡಗೈ ಕಿರುಬೆರಳು ಇಲ್ಲ, ಹಳೆಯ ಗಾಯ.' ಆಗ ಅದನ್ನು ಯಾರೂ ಯಾರನ್ನೂ ಕೇಳಲಿಲ್ಲ. ನಿಮ್ಮ ಅಣ್ಣನಿಗೆ ಆ ಬೆರಳು ಇರಲಿಲ್ಲವೆಂದು ನೀವು ಪ್ರಮಾಣ ಮಾಡಿ ಬರೆದುಕೊಟ್ಟರೆ ಸಾಕಂತೆ. ಸಮಾಧಿ ತೆರೆಯಬೇಕಿಲ್ಲ.

ಎಂದರೆ ನಿಮ್ಮ ಒಂದು ಸಹಿಗೆ ಇವರು ಬದುಕುತ್ತಾರೆ, ನಿಮ್ಮ ಅಣ್ಣ ಸಾಯುತ್ತಾರೆ. ಇದನ್ನು ನಯವಾಗಿ ಹೇಳುವ ದಾರಿ ಹುಡುಕಿದೆ, ಸಿಗಲಿಲ್ಲ.

ಇದನ್ನು ನಿಮಗೆ ಬರೆಯಬೇಡ ಎಂದು ಅವರು ಆಣೆ ಹಾಕಿಸಿದ್ದಾರೆ. "ನನ್ನ ಸೂರಿಗೋಸ್ಕರ ಅವಳ ಕೈಲಿ ಅಣ್ಣನ್ನ ಹೂಳಿಸ್ಬೇಡ್ವೇ" ಅಂದರು. ಆಣೆ ಮುರಿದಿದ್ದೇನೆ.

ಡಿಂಪ್ನಾ


ಕ್ರಿಕಲ್‌ವುಡ್
9 ಮಾರ್ಚ್ 2010

ವಿನಿ ಅವರೇ,

ನಿಮ್ಮಿಂದ ಉತ್ತರವಿಲ್ಲ. ಕೇಳುವ ಹಕ್ಕೂ ನನಗಿಲ್ಲ. ಕಟ್ಟಡಕ್ಕೆ ನೀರು ನಿಲ್ಲಿಸಿದ್ದಾರೆ. ಅವರು ದಿನಾ ಎರಡು ಬಾಟಲಿ ಹಿಡಿದು ಕೇಂದ್ರಕ್ಕೆ ಬಂದು ತುಂಬಿಸಿಕೊಂಡು ಹೋಗುತ್ತಾರೆ, ಸರ್ಕಾರದ ಕೋಲು ಊರಿಕೊಂಡು. ಪ್ರಾಸ ಕಟ್ಟುವುದನ್ನು ಬಿಟ್ಟಿದ್ದಾರೆ. ಅಡುಗೆಯವಳು ಆಲೂಗಡ್ಡೆ ಹೆಚ್ಚಿಗೆ ಬಡಿಸುತ್ತಲೇ ಇದ್ದಾಳೆ, ಅದು ತಟ್ಟೆಯಲ್ಲೇ ಉಳಿಯುತ್ತದೆ.

ಡಿಂಪ್ನಾ


ಕಿಲ್‌ಬ್ರಾಕನ್
19 ಮಾರ್ಚ್ 2010

ಡಿಂಪ್ನಾ ಅವರೇ,

ಪ್ರಮಾಣಪತ್ರ ಒಳಗಿದೆ. ವಕೀಲರ ಮುಂದೆ ಸಹಿ ಹಾಕಿದ್ದೇನೆ. ಅಣ್ಣನಿಗೆ ಒಂಬತ್ತು ವರ್ಷವಿದ್ದಾಗ ದೋಣಿ ಎಳೆಯುವ ಹಗ್ಗದ ರಾಟೆಯಲ್ಲಿ ಬೆರಳು ಹೋಯಿತು. ನಾನು ಆಗಿನ್ನೂ ಹುಟ್ಟಿರಲಿಲ್ಲ. ನಾನು ನಡೆಯಲು ಕಲಿತದ್ದು ಆ ಮೋಟು ಬೆರಳನ್ನು ಹಿಡಿದುಕೊಂಡು. ಇದನ್ನೂ ಬರೆಯಿರಿ ಎಂದೆ. "ಕಾನೂನಿಗೆ ಇದು ಬೇಡಮ್ಮಾ" ಅಂದರು ವಕೀಲರು. "ನನಗೆ ಬೇಕು" ಅಂದೆ. ಬರೆದಿದ್ದಾರೆ.

ನಿಮಗೊಂದು ಹೇಳಬೇಕು. ನಿಮ್ಮ ಮೊದಲ ಪತ್ರದಲ್ಲೇ 'ಹತ್ತೂ ಬೆರಳು ಗಂಟುಗಟ್ಟಿವೆ' ಎಂದಿತ್ತು. ಓದಿದೆ. ಮೂವತ್ತೊಂದು ವರ್ಷ ಅಂಚೆ ವಿಂಗಡಿಸಿದವಳ ಕಣ್ಣು ಅದು, ಒಂದಕ್ಷರ ಬಿಡುವುದಿಲ್ಲ. ಬರೆಯುವಾಗ ಯಾರೂ ಬೆರಳು ಎಣಿಸುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ಕಿವಿಮಾತಿನ ಪರೀಕ್ಷೆ ಇಟ್ಟೆ. ಅವನು ಹೇಗಾದರೂ ಪಾಸಾಗಲಿ ಎಂದು ಮೇರಿಮಾತೆಗೆ ಮೇಣದ ಬತ್ತಿ ಹಚ್ಚಿದೆ. ನಮ್ಮ ಫೆಸ್ಟಿಗೆ ಪ್ರಾಸ ಕಟ್ಟಲು ಬರುತ್ತಿರಲಿಲ್ಲ ಡಿಂಪ್ನಾ. ಶಿಳ್ಳೆ ಹಾಕುತ್ತಿದ್ದ, ಅಷ್ಟೇ. ಅದೂ ನನಗೆ ಗೊತ್ತಿತ್ತು. ಇಂಗ್ಲೆಂಡಿಗೆ ಹೋದವರು ಬದಲಾಗುತ್ತಾರೆ ಎಂದುಕೊಂಡಿದ್ದೆ.

ಫೆಬ್ರವರಿಯಲ್ಲಿ ಒಂದು ದಿನ ಸ್ಮಶಾನಕ್ಕೆ ಹೋದೆ. ನಲವತ್ತಾರು ಜುಲೈ ಆ ಕಲ್ಲಿನ ಪಕ್ಕ ನಿಂತಿದ್ದೇನೆ, ಪ್ರತಿ ಸಲ ಗಡಿಯಾರ ನೋಡಿಕೊಂಡು, ಯಾವಾಗ ಬಿಟ್ಟು ಅಮ್ಮನ ಬಳಿ ಓಡಲಿ ಎಂದು. ಅಮ್ಮನ ಮಣ್ಣಿಗೆ ಬರಲಿಲ್ಲವೆಂದು ಇಪ್ಪತ್ತೇಳು ವರ್ಷ ಯಾರ ಮೇಲೆ ಸಿಟ್ಟು ಸಾಕಿದ್ದೆನೋ ಅವನು ಅವಳಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಮಲಗಿದ್ದ. ಸತ್ತವನಿಗೆ ಬೈದಿದ್ದೇನೆ. ಅದನ್ನು ವಾಪಸು ತೆಗೆದುಕೊಳ್ಳುವ ಅರ್ಜಿ ನಿಮ್ಮ ಸರ್ಕಾರದಲ್ಲಿದ್ದರೆ ಕಳಿಸಿಕೊಡಿ.

ಆ ಮನುಷ್ಯನಿಗೆ ನನ್ನಿಂದ ಏನೂ ಹೇಳಬೇಡಿ. ಸಹಿ ಹಾಕಿದ್ದು ಅವನಿಗಾಗಿ ಅಲ್ಲ. ನನ್ನ ಅಣ್ಣ ಇನ್ನೊಬ್ಬನ ಹೆಸರಿನ ಕೆಳಗೆ ಮಲಗುವುದು ಬೇಡ ಎಂದು.

ವಿನಿ


ಐರಿಶ್ ವೃದ್ಧರ ವಸತಿ, ಲಂಡನ್
14 ಜೂನ್ 2010

ವಿನಿ ಅವರಿಗೆ,

ಏನೂ ಹೇಳಬೇಡಿ ಎಂದು ನೀವು ಹೇಳಿದ್ದನ್ನು ಡಿಂಪ್ನಾ ಹೇಳಿದಳು. ಅವಳ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ, ಅದಕ್ಕೇ ಅವಳಿಗೆ ಆ ಕೆಲಸ ಕೊಟ್ಟಿರಬೇಕು.

ಕೋಣೆ ಸಿಕ್ಕಿದೆ. ಕಿಟಕಿಯಿದೆ, ನಲ್ಲಿಯಲ್ಲಿ ನೀರಿದೆ. ದಾಖಲೆ ತಿದ್ದಿದ ಕಾಗದ ಮೊನ್ನೆ ಬಂತು. ನನ್ನ ಹೆಸರು ಓದಿ ಕೂಗಿದಾಗ ಓಗೊಡಲು ಮರೆತೆ. ಮೂರು ಸಲ ಕೂಗಿದಳು ಡಿಂಪ್ನಾ, ಆಮೇಲೆ ಬಂದು ತೋಳು ಹಿಡಿದು ಅಲ್ಲಾಡಿಸಿದಳು. ಆ ಹೆಸರಿಗೆ ಕೊನೆಯ ಸಲ 'ಇದೀನಿ' ಅಂದವನು ಅವನು. ಅವನ ಬಾಯಿಂದ ಕಿತ್ತುಕೊಂಡ ಹಾಗೆ ಆಗುತ್ತದೆ.

ನಿಮ್ಮ ಪತ್ರಗಳನ್ನು ಕಳಿಸುತ್ತಿದ್ದೇನೆ, ಎಲ್ಲ ಇವೆ. ಅವು ಫೆಸ್ಟಿಗೆ ಬರೆದವು. ನಾನು ಓದಿದೆ ಎಂಬುದನ್ನು ಮಾತ್ರ ವಾಪಸು ಕೊಡಲಾಗುತ್ತಿಲ್ಲ.

ಕೋಲ್ಮನ್ ಗ್ರೀಲಿ


ಕಿಲ್‌ಬ್ರಾಕನ್
4 ಜುಲೈ 2010

ಕೋಲ್ಮನ್,

ಕಟ್ಟು ತಲುಪಿತು. ಎಷ್ಟು ದುಂಡಗೆ ಬರೆಯುತ್ತಿದ್ದೆ ನಾನು.

ಕಲ್ಲು ಕೆತ್ತುವವನು ಹೋದ ವಾರ ಬಂದಿದ್ದ. "ಈ ಹೆಸರು ಒಡ್ದ್ ತೆಗೀಲಾ ಅಥ್ವಾ ಬೇರೆ ಕಲ್ಲು ತರ್ಲಾ?" ಎಂದು ಕೇಳಿದ. ಒಡೆಯಬೇಡ ಅಂದೆ. ಕಲ್ಲನ್ನು ಕೀಳಿಸಿ ಗೋಡೆಗೆ ಒರಗಿಸಿ ಇಟ್ಟಿದ್ದೇನೆ. ನಿನಗೆ ಇವತ್ತಲ್ಲ ನಾಳೆ ಬೇಕಾಗುತ್ತದೆ, ತಾರೀಕು ಮಾತ್ರ ತಿದ್ದಬೇಕು. ಅಣ್ಣನಿಗೆ ಹೊಸದು ನಿಲ್ಲಿಸಿದೆ.

ನಿನ್ನನ್ನು ಕ್ಷಮಿಸಿದ್ದೇನೆಂದು ತಿಳಿಯಬೇಡ. ಕೆಲವು ದಿನ ಬೆಳಿಗ್ಗೆ ಕ್ಷಮಿಸಿದ ಹಾಗೆ ಇರುತ್ತದೆ, ಸಂಜೆ ಇರುವುದಿಲ್ಲ. ನೀನು ನನ್ನ ಅಮ್ಮನಿಗೆ ಇಪ್ಪತ್ತೊಂದು ವರ್ಷ ಮಗನನ್ನು ಉಳಿಸಿಕೊಟ್ಟೆ, ನನ್ನಿಂದ ನಲವತ್ತೆಂಟು ವರ್ಷ ಅಣ್ಣನಿಗಾಗಿ ಅಳುವುದನ್ನು ಕಿತ್ತುಕೊಂಡೆ. ಯಾವುದು ಹೆಚ್ಚು ತೂಗುತ್ತದೆಂದು ಅಂಚೆಯ ತಕ್ಕಡಿಯಲ್ಲಿ ಗೊತ್ತಾಗುವುದಿಲ್ಲ.

ಆ ಕಿವಿಮಾತು ಏನೆಂದು ನೀನು ಕೇಳಲಿಲ್ಲ. ಹೇಳುತ್ತೇನೆ. ಅವನು ಬಗ್ಗಿ ಅಂದ: "ವಿನಿ, ನಾನು ಏನೇ ಬರೆದಿರ್ಲಿ, ಅಮ್ಮಂಗೆ ಮಾತ್ರ 'ಚೆನ್ನಾಗಿದಾನೆ' ಅಂತ ಓದು."

ಹಾಗೇ ಓದಿದೆ. ಕೊನೆಯವರೆಗೂ. ನೀನು ಆ ಕಡೆಯಿಂದ ಬರೆದೆ, ನಾನು ಈ ಕಡೆಯಿಂದ ಓದಿದೆ.

25ನೇ ತಾರೀಕು ಸಮಾಧಿ ಹರಸುವ ಭಾನುವಾರ. ಎರಡು ಕಡೆ ಓಡಾಡಲು ನನ್ನ ಮಂಡಿ ಈ ವರ್ಷ ಬಿಡುವುದಿಲ್ಲ. ನಾನು ಅಪ್ಪ ಅಮ್ಮನ ಬಳಿ ನಿಲ್ಲುತ್ತೇನೆ. ಫೆಸ್ಟಿಯ ಪಕ್ಕ ಯಾರೂ ಇಲ್ಲ. ಅವನು ನಿನ್ನ ಹೆಸರಿಗೆ ಓಗೊಟ್ಟಿದ್ದಾನೆ, ಒಂದು ಸಲ ನೀನು ಅವನದಕ್ಕೆ ಬಂದು ನಿಲ್ಲು. ಶನಿವಾರ ನಾಲ್ಕಕ್ಕೆ ಗಾಲ್ವೇಯಿಂದ ಬಸ್ಸು ಬರುತ್ತದೆ, ಹಳೇ ಅಂಚೆ ಕಚೇರಿಯ ಮುಂದೆಯೇ ನಿಲ್ಲುತ್ತದೆ. ಹಿಂದಿನ ಕೋಣೆಯ ಸುಣ್ಣ ಇನ್ನೂ ಹಾಗೇ ಇದೆ.

ಕಡಲ ಮೇಲಿಂದ ಗಾಳಿ ಬೀಸುತ್ತದೆ, ಸ್ಮಶಾನದಲ್ಲಿ ಜುಲೈಯಲ್ಲೂ ಚಳಿ. ನಿನಗೆ ಕೋಟು ಇದೆಯಾ?

ವಿನಿ